ಓದುಗರ ಪ್ರಶ್ನೆ: ಅಮೆರಿಕದ ಕಮ್ಯುನಿಟಿ ಕಾಲೇಜು ಯಾರಿಗೆ, ಏಕೆ?

ಅಮೆರಿಕದಲ್ಲಿ ಹೈಸ್ಕೂಲು, ಅಂದರೆ ಹನ್ನೆರಡನೆಯ ತರಗತಿ, ಮುಗಿಸುವ ಮಕ್ಕಳಿಗೆ ವಿಶ್ವವಿದ್ಯಾಲಯಗಳಿಂದ ಉತ್ತರ ಬರುವ ತಿಂಗಳುಗಳಲ್ಲಿ ನಮ್ಮ ಅಂಕಣಕ್ಕೆ ಬರುವ ಪತ್ರಗಳಲ್ಲಿ ಎರಡು ವರ್ಷದ ಸರ್ಕಾರಿ ಕಾಲೇಜಾದ ಕಮ್ಯುನಿಟಿ ಕಾಲೇಜಿನ ಮಾತು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಈ ಬಾರಿಯ ಪುಟಗಳನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಹೆಚ್ಚಿನ ಪತ್ರಗಳು ಕ್ಯಾಲಿಫೋರ್ನಿಯಾದಿಂದ ಬಂದಿರುವುದರಿಂದ ಉತ್ತರಗಳೂ ಆ ರಾಜ್ಯವನ್ನೇ ಕುರಿತಿವೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾವು ಫ್ರೀಮಾಂಟ್‌ನಲ್ಲಿ ನೆಲೆಸಿದವರು. ಮಗ ಬಯಸಿದ್ದ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಗಲಿಲ್ಲ. ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದು ಕರೆದಿದೆ, ಆದರೆ ಅದರ ಖರ್ಚನ್ನು ನೆನೆದರೆ ನಿದ್ದೆ ಬರುವುದಿಲ್ಲ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗುತ್ತೇನೆ ಎಂದು ಮಗನೇ ಹೇಳುತ್ತಿದ್ದಾನೆ. ನಮ್ಮ ಯಜಮಾನರಿಗೆ ಒಪ್ಪಿಗೆಯಿಲ್ಲ. ಮೈಸೂರಿನಲ್ಲಿರುವ ಮಾವನವರು, ‘ಎರಡು ವರ್ಷದ್ದು ಎಂದರೆ ಡಿಪ್ಲೊಮಾ ತಾನೆ?’ ಎಂದು ಕೇಳುತ್ತಾರೆ. ಕನ್ನಡ ಕೂಟದಲ್ಲಿ ಯಾರಾದರೂ ಮಗನ ಕಾಲೇಜಿನ ಬಗ್ಗೆ ವಿಚಾರಿಸಿದರೆ ಏನು ಹೇಳಬೇಕೆಂದೇ ತೋಚುತ್ತಿಲ್ಲ. ದಯವಿಟ್ಟು ಸರಿಯಾದ ಸಲಹೆ ಕೊಡಿ.

ಉತ್ತರ: ನಿಮ್ಮ ಮಗ ಹೇಳುತ್ತಿರುವುದು ಸೋತವರು ಹಿಡಿಯುವ ಅಡ್ಡದಾರಿಯಲ್ಲ, ಕ್ಯಾಲಿಫೋರ್ನಿಯಾ ರಾಜ್ಯವು ತನ್ನ ಮಕ್ಕಳಿಗಾಗಿ ಯೋಚಿಸಿ ಹಾಕಿಕೊಟ್ಟ ದಾರಿ. 1960ರಲ್ಲಿ, ಕ್ಲಾರ್ಕ್ ಕೆರ್ ಅವರು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಮುಂದೆ ‘ಯುಸಿ’ ಎನ್ನೋಣ) ಅಧ್ಯಕ್ಷರಾಗಿದ್ದಾಗ, ರಾಜ್ಯವು ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆಯನ್ನು ಅಂಗೀಕರಿಸಿತು. ಹೈಸ್ಕೂಲಿನಿಂದ ಹೊರಬರುವವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೇ ಒಂದು ಭಾಗಕ್ಕೆ ಇಂದು ಸ್ಟೇಟ್ ಯೂನಿವರ್ಸಿಟಿ ಎನಿಸಿರುವ ರಾಜ್ಯದ ಇನ್ನೊಂದು ಕಾಲೇಜು ಸಮೂಹ, ಕಲಿಯುವ ಮನಸ್ಸಿರುವ ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು ಎಂದು ಅದು ಹೇಳಿತು. ಅಷ್ಟಕ್ಕೇ ನಿಂತಿದ್ದರೆ ಅದು ಮಕ್ಕಳನ್ನು ಮೂರು ಸಾಲಿನಲ್ಲಿ ಕೂರಿಸುವ ವ್ಯವಸ್ಥೆಯಾಗುತ್ತಿತ್ತು. ಆದರೆ ಕಮ್ಯುನಿಟಿ ಕಾಲೇಜಿನಲ್ಲಿ ಮೊದಲ ಎರಡು ವರ್ಷ ಚೆನ್ನಾಗಿ ಓದಿದವರಿಗೆ ಮೂರನೇ ವರ್ಷದಲ್ಲಿ ಯುಸಿಯ ಬಾಗಿಲು ತೆರೆದಿರಬೇಕು ಎಂಬುದೂ ಅದೇ ಯೋಜನೆಯ ಭಾಗವಾಗಿತ್ತು, ಮತ್ತು ಆ ಬಾಗಿಲು ಇಂದಿಗೂ ತೆರೆದಿದೆ. ಟ್ರಾನ್ಸ್‌ಫರ್ ಅರ್ಜಿಗಳನ್ನು ಪರಿಶೀಲಿಸುವಾಗ ಯುಸಿ ಮೊದಲ ಆದ್ಯತೆ ಕೊಡುವುದು ರಾಜ್ಯದ ಕಮ್ಯುನಿಟಿ ಕಾಲೇಜಿನಿಂದ ಬಂದವರಿಗೇ.

ನಿಮ್ಮ ಮಾವನವರ ಪ್ರಶ್ನೆ ಸಹಜವಾದದ್ದು, ಏಕೆಂದರೆ ನಮ್ಮ ಊರಿನ ಲೆಕ್ಕದಲ್ಲಿ ಪದವಿ ಬೇರೆ, ಡಿಪ್ಲೊಮಾ ಬೇರೆ. ಅವರಿಗೆ ಹೀಗೆ ವಿವರಿಸಿ: ಅಮೆರಿಕದಲ್ಲಿ ಪದವಿ ನಾಲ್ಕು ವರ್ಷದ್ದು, ಅದರ ಮೊದಲ ಎರಡು ವರ್ಷಗಳಲ್ಲಿ ವಿದ್ಯಾರ್ಥಿ ಇಂಗ್ಲಿಷ್ ಬರವಣಿಗೆ, ಗಣಿತ, ವಿಜ್ಞಾನ, ಚರಿತ್ರೆ ಮುಂತಾದ ಸಾಮಾನ್ಯ ವಿಷಯಗಳನ್ನೂ, ತಾನು ಆರಿಸಿಕೊಂಡ ಮುಖ್ಯ ವಿಷಯದ ತಳಹದಿಯ ಪಾಠಗಳನ್ನೂ ಓದುತ್ತಾನೆ. ಕಮ್ಯುನಿಟಿ ಕಾಲೇಜು ಕಲಿಸುವುದು ಈ ಎರಡು ವರ್ಷದ ಪಾಠಗಳನ್ನು. ಉಳಿದೆರಡು ವರ್ಷವನ್ನು ಯುಸಿಯಲ್ಲಿ ಮುಗಿಸಿದವರಿಗೆ ಸಿಗುವ ಪದವಿ ಪತ್ರದಲ್ಲಿ ಯುಸಿಯ ಹೆಸರು ಮಾತ್ರ ಇರುತ್ತದೆ, ಮೊದಲ ವರ್ಷದಿಂದ ಅಲ್ಲೇ ಇದ್ದವರ ಪತ್ರಕ್ಕೂ ಅದಕ್ಕೂ ವ್ಯತ್ಯಾಸವಿರುವುದಿಲ್ಲ. ಇದು ಹೊಸ ಪ್ರಯೋಗವೂ ಅಲ್ಲ. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಇಂಥ ಮೊದಲ ಸರ್ಕಾರಿ ಕಾಲೇಜು ಶುರುವಾಯಿತು. ಇಂದು ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಕಾಲೇಜುಗಳಿವೆ, ಸುಮಾರು 20 ಲಕ್ಷ ವಿದ್ಯಾರ್ಥಿಗಳಿದ್ದಾರೆ. ಸ್ಟೇಟ್ ಯೂನಿವರ್ಸಿಟಿಯಿಂದ ಪದವಿ ಪಡೆಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಯುಸಿಯಿಂದ ಪಡೆಯುವವರಲ್ಲಿ ಮೂರನೇ ಒಂದು ಭಾಗಕ್ಕೆ ಹತ್ತಿರದಷ್ಟು ಮಂದಿ ಓದು ಆರಂಭಿಸಿದ್ದು ಈ ಕಾಲೇಜುಗಳಲ್ಲೇ.

ಇನ್ನು ಹಣದ ವಿಷಯ. ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕ ಒಂದು ಯುನಿಟ್‌ಗೆ (ಪಾಠದ ಪ್ರಮಾಣವನ್ನು ಅಳೆಯುವ ಲೆಕ್ಕ) 46 ಡಾಲರ್. ಟ್ರಾನ್ಸ್‌ಫರ್‌ಗೆ ಬೇಕಾದ 60 ಯುನಿಟ್‌ಗಳಿಗೆ 2,760 ಡಾಲರ್. ಅದೇ ಎರಡು ವರ್ಷವನ್ನು ಯುಸಿಯಲ್ಲಿ ಓದಿದರೆ ಬೋಧನಾ ಶುಲ್ಕವೇ 30 ಸಾವಿರ ಡಾಲರಿನ ಆಸುಪಾಸಿಗೆ ಬರುತ್ತದೆ, ಹಾಸ್ಟೆಲು ಮತ್ತು ಊಟದ ಖರ್ಚು ಅದಕ್ಕಿಂತ ಹೆಚ್ಚಾಗುತ್ತದೆ. ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಲೆಕ್ಕವನ್ನು ನೀವು ಈಗಾಗಲೇ ಹಾಕಿರುತ್ತೀರಿ. ಮೊದಲ ಬಾರಿಗೆ ಕಾಲೇಜಿಗೆ ಸೇರಿ ಪೂರ್ಣಾವಧಿ ಓದುವವರಿಗೆ ಅನೇಕ ಕಮ್ಯುನಿಟಿ ಕಾಲೇಜುಗಳು ‘ಪ್ರಾಮಿಸ್’ ಯೋಜನೆಯಡಿ ಎರಡು ವರ್ಷದ ಈ ಶುಲ್ಕವನ್ನೂ ಮನ್ನಾ ಮಾಡುತ್ತವೆ. ನೀವು ಸೇರಬೇಕೆಂದಿರುವ ಕಾಲೇಜಿನಲ್ಲಿ ಇದರ ಷರತ್ತುಗಳೇನೆಂದು ಕೇಳಿ ತಿಳಿದುಕೊಳ್ಳಿ. ಉಳಿದ ಹಣ ಮುಂದೆ ಮಗನ ಸ್ನಾತಕೋತ್ತರ ಓದಿಗೆ ಒದಗೀತು, ಅಥವಾ ಕನಿಷ್ಠ ಪಕ್ಷ ಅವನು ಸಾಲದ ಹೊರೆಯಿಲ್ಲದೆ ಮೊದಲ ಕೆಲಸಕ್ಕೆ ಸೇರುವಂತಾದೀತು.

ಆದರೂ ಈ ಕಾಲೇಜುಗಳ ಮುಖ್ಯ ಲಾಭ ಅಗ್ಗದ ಶುಲ್ಕ ಎಂದು ನಾನು ಹೇಳುವುದಿಲ್ಲ. ಇಲ್ಲಿ ಅಧ್ಯಾಪಕರನ್ನು ನೇಮಿಸಿಕೊಳ್ಳುವುದು ಪಾಠ ಹೇಳುವುದಕ್ಕಾಗಿಯೇ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್ ಅಥವಾ ಕೆಮಿಸ್ಟ್ರಿಯ ಪಾಠಕ್ಕೆ ನೂರಾರು ಮಂದಿ ಒಂದೇ ಸಭಾಂಗಣದಲ್ಲಿ ಕೂರುತ್ತಾರೆ. ಪ್ರಾಧ್ಯಾಪಕರ ಮನಸ್ಸು ಸಂಶೋಧನೆಯ ಕಡೆಗೂ ಹರಿಯಬೇಕಾಗುತ್ತದೆ. ಅನುಮಾನ ಪರಿಹರಿಸುವ ಕೆಲಸ ಬಹುಪಾಲು ಪಿಎಚ್‌.ಡಿ. ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಪಾಠ ಮೂವತ್ತು ನಲವತ್ತು ಮಂದಿಯ ತರಗತಿಯಲ್ಲಿ ನಡೆಯುತ್ತದೆ, ಮತ್ತು ಅಧ್ಯಾಪಕರಿಗೆ ವಿದ್ಯಾರ್ಥಿಯ ಹೆಸರು ಗೊತ್ತಿರುತ್ತದೆ. ಹದಿನೆಂಟರ ಹುಡುಗನೊಬ್ಬ ತನಗೆ ಅರ್ಥವಾಗಲಿಲ್ಲ ಎಂದು ಕೈಯೆತ್ತಿ ಹೇಳಬಲ್ಲ ವಾತಾವರಣ ಎಷ್ಟು ಬೆಲೆಬಾಳುವುದೆಂದು ಮಕ್ಕಳಿಗೆ ಪಾಠ ಹೇಳಿದ ಯಾರನ್ನು ಬೇಕಾದರೂ ಕೇಳಿ. ಒಂದು ಕೊರತೆಯನ್ನೂ ಹೇಳಬೇಕು: ಅಧ್ಯಾಪಕರಲ್ಲಿ ಅನೇಕರು ಅರೆಕಾಲಿಕರು, ಒಂದು ಕಾಲೇಜಿನ ಪಾಠ ಮುಗಿಸಿ ಇನ್ನೊಂದಕ್ಕೆ ಕಾರು ಓಡಿಸಿಕೊಂಡು ಹೋಗುವವರು, ತರಗತಿಯ ಹೊರಗೆ ಅವರು ಸಿಗುವುದು ಕಷ್ಟ. ವಿಷಯವನ್ನು ಆರಿಸಿಕೊಳ್ಳುವಾಗ ಯಾರು ಕಲಿಸುತ್ತಾರೆ, ಅವರು ಕ್ಯಾಂಪಸ್ಸಿನಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂದು ಮಗ ವಿಚಾರಿಸಲಿ.

ಎರಡನೆಯ ಲಾಭ, ಹೈಸ್ಕೂಲಿನ ಅಂಕಗಳ ಹಂಗು ತಪ್ಪುವುದು. ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗುವವರ ವಿಷಯದಲ್ಲಿ ಯುಸಿ ನೋಡುವುದು ಕಾಲೇಜಿನಲ್ಲಿ ಓದಿದ ಪಾಠಗಳನ್ನು, ಅಲ್ಲಿ ಗಳಿಸಿದ ಗ್ರೇಡುಗಳನ್ನು, ವಿದ್ಯಾರ್ಥಿ ಅರ್ಜಿಯಲ್ಲಿ ತನ್ನ ಬಗ್ಗೆ ಬರೆದ ಉತ್ತರಗಳನ್ನು. ಹತ್ತನೆಯ ತರಗತಿಯಲ್ಲಿ ಮನಸ್ಸಿಲ್ಲದೆ ಓದಿದ ಒಂದು ವರ್ಷ ಅಲ್ಲಿಗೆ ಹಿಂಬಾಲಿಸಿಕೊಂಡು ಬರುವುದಿಲ್ಲ. ಯುಸಿಯ ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಪಾಠಗಳನ್ನೂ ಗ್ರೇಡನ್ನೂ ಪೂರೈಸಿದವರಿಗೆ ಪ್ರವೇಶದ ಖಾತರಿಯನ್ನೇ ಕೊಡುತ್ತವೆ. ಇದನ್ನು ಅಲ್ಲಿಯವರು ‘ಟ್ಯಾಗ್’ ಎನ್ನುತ್ತಾರೆ. ಒಬ್ಬರು ಒಂದು ಕ್ಯಾಂಪಸ್ಸಿಗೆ ಮಾತ್ರ, ಸೆಪ್ಟೆಂಬರ್ ತಿಂಗಳಲ್ಲಿ ಅರ್ಜಿ ಹಾಕಬೇಕು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕ್ಯಾಂಪಸ್‌ಗಳಲ್ಲಿ ಈ ಖಾತರಿ ಇಲ್ಲ, ಅಲ್ಲಿ ಸ್ಪರ್ಧೆಯಲ್ಲೇ ಗೆಲ್ಲಬೇಕು. ಕಂಪ್ಯೂಟರ್ ಸೈನ್ಸ್‌ನಂಥ ನೂಕುನುಗ್ಗಲಿನ ವಿಭಾಗಗಳಿಗೆ ಖಾತರಿ ಕೊಡುವ ಕ್ಯಾಂಪಸ್‌ಗಳಲ್ಲೂ ಹಲವು ಹಿಂದೆಗೆಯುತ್ತವೆ. ನಿಮ್ಮ ಮಗ ಆ ವಿಷಯವನ್ನೇ ಬಯಸಿದ್ದರೆ ಮೊದಲು ಇದನ್ನು ತಿಳಿದುಕೊಂಡು ಆಮೇಲೆ ಹೆಜ್ಜೆಯಿಡಲಿ.

ಈಗ ನಿಮ್ಮ ಯಜಮಾನರ ಆತಂಕದ ಮಾತು, ಏಕೆಂದರೆ ಅದು ನಿರಾಧಾರವಲ್ಲ. ದೇಶದಾದ್ಯಂತ ನೋಡಿದರೆ ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ಹೆಚ್ಚಿನವರು ಮುಂದೆ ನಾಲ್ಕು ವರ್ಷದ ಪದವಿ ಪಡೆಯಬೇಕೆಂದೇ ಬರುತ್ತಾರೆ, ಆದರೆ ಟ್ರಾನ್ಸ್‌ಫರ್ ಆಗುವವರು ಸುಮಾರು ಮೂರನೇ ಒಂದು ಭಾಗ ಮಾತ್ರ, ಆರು ವರ್ಷದೊಳಗೆ ಪದವಿ ಮುಗಿಸುವವರು ಅದರಲ್ಲೂ ಸುಮಾರು ಅರ್ಧದಷ್ಟು. ಇದಕ್ಕೆ ಬಡತನ, ಪೂರ್ಣಾವಧಿ ಕೆಲಸ, ಮನೆಯ ಹೊಣೆ ದೊಡ್ಡ ಕಾರಣಗಳು, ಮತ್ತು ಅವು ನಿಮ್ಮ ಮಗನನ್ನು ಬಾಧಿಸಲಾರವು. ಬಾಧಿಸಬಹುದಾದ ಕಾರಣ ಬೇರೆ ಇದೆ. ವಿಶ್ವವಿದ್ಯಾಲಯದಲ್ಲಿ ಸಹಪಾಠಿಗಳೆಲ್ಲ ಒಂದೇ ದಿಕ್ಕಿಗೆ ಸಾಗುತ್ತಿರುತ್ತಾರೆ, ಅವರ ಜೊತೆಗೆ ನಾವೂ ಸಾಗುತ್ತೇವೆ. ಕಮ್ಯುನಿಟಿ ಕಾಲೇಜಿನಲ್ಲಿ ಪಕ್ಕದ ಬೆಂಚಿನವರು ಒಬ್ಬೊಬ್ಬರು ಒಂದೊಂದು ಉದ್ದೇಶಕ್ಕೆ ಬಂದಿರುತ್ತಾರೆ. ಪಾಠ ಮುಗಿದೊಡನೆ ಎಲ್ಲರೂ ಕಾರು ಹತ್ತಿ ಹೊರಡುತ್ತಾರೆ. ದಾರಿ ತಪ್ಪಿದ್ದನ್ನು ತಾನಾಗಿಯೇ ಗಮನಿಸುವವರು ಯಾರೂ ಇರುವುದಿಲ್ಲ.

ದಾರಿ ತಪ್ಪುವುದು ಹೆಚ್ಚಾಗಿ ಗಣಿತದಲ್ಲಿ. ಎಂಜಿನಿಯರಿಂಗ್ ಅಥವಾ ಭೌತವಿಜ್ಞಾನಕ್ಕೆ ಹೋಗುವವರು ಕ್ಯಾಲ್ಕುಲಸ್ಸಿನ ಮೂರು ಪಾಠಗಳನ್ನು, ಅದರ ಜೊತೆಗೆ ಲೀನಿಯರ್ ಆಲ್ಜೀಬ್ರಾ ಮತ್ತು ಡಿಫರೆನ್ಶಿಯಲ್ ಈಕ್ವೇಷನ್ಸ್ ಅನ್ನು ಎರಡು ವರ್ಷದಲ್ಲಿ ಮುಗಿಸಬೇಕು. ಹಿಂದಿನದನ್ನು ಮುಗಿಸದೆ ಮುಂದಿನದಕ್ಕೆ ಸೇರುವಂತಿಲ್ಲ, ಭೌತವಿಜ್ಞಾನದ ಪಾಠಗಳೂ ಇವಕ್ಕೇ ಅಂಟಿಕೊಂಡಿರುತ್ತವೆ. ಮೊದಲ ಅವಧಿಯಲ್ಲಿ ಒಂದು ಪಾಠ ಬಿಟ್ಟುಹೋದರೆ ಸರಪಳಿ ಪೂರ್ತಿ ಹಿಂದಕ್ಕೆ ಸರಿದು, ಎರಡು ವರ್ಷದ್ದು ಮೂರಾಗುತ್ತದೆ. ಆದ್ದರಿಂದ ಕಾಲೇಜು ಸೇರುವ ಮೊದಲೇ ‘ಅಸಿಸ್ಟ್’ ಎಂಬ ರಾಜ್ಯದ ಜಾಲತಾಣವನ್ನು ತೆರೆದು, ತನ್ನ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬುದನ್ನು ಮಗ ನೋಡಿಕೊಳ್ಳಲಿ. ಮೊದಲ ತಿಂಗಳಲ್ಲೇ ಟ್ರಾನ್ಸ್‌ಫರ್ ಕೌನ್ಸೆಲರ್‌ರನ್ನು ಭೇಟಿಯಾಗಿ ಎರಡು ವರ್ಷದ ಪಾಠಪಟ್ಟಿಯನ್ನು ಬರೆಸಿಕೊಳ್ಳಲಿ, ಪ್ರತಿ ಅವಧಿಗೊಮ್ಮೆ ಮತ್ತೆ ಹೋಗಿ ತೋರಿಸಲಿ. ಆನರ್ಸ್ ವಿಭಾಗವಿದ್ದರೆ ಸೇರಲಿ, ಅಲ್ಲಿ ಅವನಂತೆಯೇ ಗುರಿಯಿಟ್ಟುಕೊಂಡ ಗೆಳೆಯರು ಸಿಗುತ್ತಾರೆ. ಮನೆಯಲ್ಲೇ ಇರುವ ಹುಡುಗ ಎಂದು ನೀವು ಅವನ ಓದಿನ ಹೊತ್ತನ್ನು ತಮ್ಮ ತಂಗಿಯರನ್ನು ಶಾಲೆಗೆ ಬಿಡುವ, ಅಂಗಡಿಯಿಂದ ಸಾಮಾನು ತರುವ ಕೆಲಸಗಳಿಗೆ ಖರ್ಚುಮಾಡಬೇಡಿ.

ಕೂಟದಲ್ಲಿ ಕೇಳಿದವರಿಗೆ ಕಾಲೇಜಿನ ಹೆಸರನ್ನು ನೇರವಾಗಿ ಹೇಳಿ. ಮಾನವ ಜಿನೋಮ್ ಓದಿದ ವಿಜ್ಞಾನಿಗಳಲ್ಲಿ ಪ್ರಮುಖರಾದ ಕ್ರೇಗ್ ವೆಂಟರ್ ವಿಯೆಟ್ನಾಂ ಯುದ್ಧದಿಂದ ಹಿಂತಿರುಗಿ ಓದು ಶುರುಮಾಡಿದ್ದು ನಿಮ್ಮೂರಿನ ಕೊಲ್ಲಿಯ ಆಚೆ ದಡದ ಕಾಲೇಜ್ ಆಫ್ ಸ್ಯಾನ್ ಮಟೇಯೊದಲ್ಲಿ. ಅಲ್ಲಿಂದ ಯುಸಿ ಸ್ಯಾನ್ ಡಿಯಾಗೊಗೆ ಹೋದರು. ಸ್ಪೇಸ್ ಷಟಲ್ ನಡೆಸಿದ ಮೊದಲ ಮಹಿಳೆ ಐಲೀನ್ ಕಾಲಿನ್ಸ್ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿನಿ. ತನ್ನ ಮಿತಿಯನ್ನೂ ಮನೆಯ ಹಣವನ್ನೂ ಲೆಕ್ಕಹಾಕಿ ಈ ತೀರ್ಮಾನಕ್ಕೆ ಬಂದಿರುವ ಹುಡುಗನ ಬಗ್ಗೆ ನನಗೆ ಗೌರವವೆನಿಸುತ್ತದೆ. ಹೆತ್ತವರು ತನ್ನ ಕಾಲೇಜಿನ ಹೆಸರು ಹೇಳಲು ಅಳುಕುತ್ತಾರೆ ಎಂದು ಅವನಿಗೆ ಅನ್ನಿಸಿಬಿಟ್ಟರೆ ಮಾತ್ರ ಮೇಲೆ ಹೇಳಿದ ಯಾವ ಲಾಭವೂ ಅವನಿಗೆ ದಕ್ಕುವುದು ಕಷ್ಟ.

ಪ್ರಶ್ನೆ: ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗಿ ಎಚ್-4 ವೀಸಾದಲ್ಲಿ ಸನ್ನಿವೇಲ್‌ಗೆ ಬಂದು ಕೆಲವು ವರ್ಷಗಳಾದವು. ಕೆಲಸ ಮಾಡುವ ಅನುಮತಿ ಇನ್ನೂ ಇಲ್ಲ. ಮಗಳು ಶಾಲೆಗೆ ಹೋದ ಮೇಲೆ ಹಗಲು ಕಳೆಯುವುದೇ ಕಷ್ಟವಾಗಿದೆ. ಓದಬೇಕೆಂಬ ಆಸೆಯಿದೆ, ಆದರೆ ಚಿಕ್ಕ ಹುಡುಗರ ನಡುವೆ ಕೂರಲು ಸಂಕೋಚ. ನನ್ನಂಥವರಿಗೆ ಅಲ್ಲಿ ಪ್ರವೇಶವಿದೆಯೇ?

ಉತ್ತರ: ಖಂಡಿತ ಇದೆ, ಅಕ್ಕಾ, ಸಂಕೋಚ ಬಿಡಿ. ಎಚ್-4ನಲ್ಲಿರುವವರು, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತರು, ವೀಸಾ ಬದಲಿಸದೆಯೇ ಪೂರ್ಣಾವಧಿಯಾಗಲಿ, ಒಂದೇ ಒಂದು ಪಾಠಕ್ಕಾಗಲಿ ಸೇರಬಹುದು. ಸೈನ್ಯದಿಂದ ಬಂದವರು, ಕೆಲಸ ಕಳೆದುಕೊಂಡು ಹೊಸ ವಿದ್ಯೆ ಕಲಿಯುವವರು, ಮೊಮ್ಮಕ್ಕಳಿರುವವರು ಈ ತರಗತಿಗಳಲ್ಲಿ ಸಾಮಾನ್ಯ; ನಿಮ್ಮನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನಿಮ್ಮ ಮನೆಗೆ ಹತ್ತಿರದಲ್ಲೇ ಕ್ಯುಪರ್ಟಿನೋದ ಡಿ ಆಂಜ಼ಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಸ್ಯಾಂಟಾ ಕ್ಲಾರಾದ ಮಿಷನ್ ಕಾಲೇಜುಗಳಿವೆ. ಮೊದಲ ಎರಡರಲ್ಲಿ ವರ್ಷವನ್ನು ಸುಮಾರು ಹನ್ನೆರಡು ವಾರಗಳ ಕ್ವಾರ್ಟರ್‌ಗಳಾಗಿ ಭಾಗ ಮಾಡಿರುವುದರಿಂದ ಪಾಠ ವೇಗವಾಗಿ ಓಡುತ್ತದೆ. ಬಹಳ ಕಾಲದ ನಂತರ ಓದಿಗೆ ಮರಳುವವರಿಗೆ ಸೆಮಿಸ್ಟರಿನ ನಿಧಾನಗತಿ ಹಿತವೆನಿಸಬಹುದು, ಹಾಗಾದರೆ ಮಿಷನ್ ನೋಡಿ.

ಶುಲ್ಕದ ವಿಷಯದಲ್ಲಿ ಒಂದು ಮುಖ್ಯ ಮಾತು. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿರುವ ಎಚ್-4ನವರು ಅದಕ್ಕೆ ಪುರಾವೆ ಒದಗಿಸಿದರೆ ನಿವಾಸಿಗಳ ಶುಲ್ಕಕ್ಕೇ ಅರ್ಹರಾಗಬಹುದು. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸು, ರಾಜ್ಯಕ್ಕೆ ಸಲ್ಲಿಸಿದ ತೆರಿಗೆಯ ಕಾಗದ ಮುಂತಾದವನ್ನು ಜೋಡಿಸಿಕೊಂಡು ಪ್ರವೇಶ ವಿಭಾಗಕ್ಕೆ ಹೋಗಿ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಮಾತ್ರ ನಿಮಗೆ ಸಿಗುವುದಿಲ್ಲ.

ಏನು ಓದಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಬಿ.ಕಾಂ. ಅನ್ನು ವ್ಯರ್ಥವಾದದ್ದೆಂದು ಬದಿಗಿಡಬೇಡಿ. ಭಾರತದ ಪದವಿಯನ್ನು ಇಲ್ಲಿನ ಮೌಲ್ಯಮಾಪನ ಸಂಸ್ಥೆಯೊಂದರಿಂದ ಪರಿಶೀಲನೆ ಮಾಡಿಸಿ, ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕರ) ಪರೀಕ್ಷೆಗೆ ಬೇಕಾದ ಅಕೌಂಟಿಂಗ್ ಮತ್ತು ವಾಣಿಜ್ಯ ವಿಷಯಗಳಲ್ಲಿ ಎಷ್ಟು ಯುನಿಟ್ ಕಡಿಮೆ ಬೀಳುತ್ತದೆಂದು ನೋಡಿಕೊಂಡು, ಆ ಕೊರತೆಯನ್ನು ಕಮ್ಯುನಿಟಿ ಕಾಲೇಜಿನಲ್ಲಿ ತುಂಬಿಕೊಳ್ಳುವವರು ಅನೇಕರಿದ್ದಾರೆ. ಅಮೆರಿಕದ ತೆರಿಗೆ ಪದ್ಧತಿಯ ಒಂದು ಪಾಠದಿಂದ ಆರಂಭಿಸಿ. ಪತಿಯ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾದ ಮೇಲೆ ಎಚ್-4ನವರೂ ಕೆಲಸದ ಅನುಮತಿಗೆ ಅರ್ಜಿ ಹಾಕುವ ಅವಕಾಶ 2015ರಿಂದ ಇದೆ. ಅದು ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಇಲ್ಲಿನ ಕಾಲೇಜಿನ ಅಂಕಪಟ್ಟಿ ಇರುತ್ತದೆ. ಇಂಗ್ಲಿಷಿನಲ್ಲಿ ಮಾತನಾಡುವ ಅಳುಕಿದ್ದರೆ, ಯುನಿಟ್ ಲೆಕ್ಕಕ್ಕೆ ಬಾರದ ಇಂಗ್ಲಿಷ್ ತರಗತಿಗಳನ್ನು ಅನೇಕ ಕಾಲೇಜುಗಳು ಉಚಿತವಾಗಿ ನಡೆಸುತ್ತವೆ.

ಪ್ರಶ್ನೆ: ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಈಗಲೇ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ಪಾಠ ತೆಗೆದುಕೊಳ್ಳಬಹುದಂತೆ, ನಿಜವೇ? (ಕ್ಯುಪರ್ಟಿನೋ)

ಉತ್ತರ: ನಿಜ. ಹೈಸ್ಕೂಲಿನ ಒಪ್ಪಿಗೆಯಿದ್ದರೆ ಒಂದು ಅವಧಿಗೆ 11 ಯುನಿಟ್‌ವರೆಗೆ ಓದಬಹುದು, ರಾಜ್ಯದ ನಿವಾಸಿಗಳಿಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ಶಾಲೆಯಲ್ಲಿ ಇಲ್ಲದ ವಿಷಯವನ್ನು ರುಚಿ ನೋಡಲು ಇದು ಒಳ್ಳೆಯ ಅವಕಾಶ. ಹೈಸ್ಕೂಲಿನಲ್ಲಿರುವಾಗ ಎಷ್ಟೇ ಯುನಿಟ್ ಗಳಿಸಿದರೂ ಯುಸಿಗೆ ಅವಳು ಮೊದಲ ವರ್ಷದ ಅರ್ಜಿದಾರಳಾಗಿಯೇ ಉಳಿಯುತ್ತಾಳೆ. ಆದರೆ ಇಲ್ಲಿ ಬಂದ ಗ್ರೇಡು ಶಾಶ್ವತವಾದ ಕಾಲೇಜು ದಾಖಲೆ, ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗಲೂ ಅದನ್ನು ತೋರಿಸಬೇಕಾಗುತ್ತದೆ. ಬೇರೆಯವರ ಮಕ್ಕಳು ಮೂರು ಪಾಠ ತೆಗೆದುಕೊಂಡರೆಂದು ಅವಳ ಮೇಲೆ ಮೂರನ್ನು ಹೊರಿಸಬೇಡಿ.

ಪ್ರಶ್ನೆ: ನಾನು ಹಾಸನದಲ್ಲಿ ಕಾಫಿ ಬೆಳೆಗಾರ. ಮಗ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಕಮ್ಯುನಿಟಿ ಕಾಲೇಜಿನ ಮೂಲಕ ಹೋದರೆ ಅಮೆರಿಕದ ಓದು ಅಗ್ಗವಾಗುತ್ತದೆ ಎಂದು ಏಜೆಂಟರೊಬ್ಬರು ಹೇಳಿದ್ದಾರೆ. ನಂಬಬಹುದೇ?

ಉತ್ತರ: ಅರ್ಧ ಮಾತನ್ನು ನಂಬಬಹುದು. ಭಾರತದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಮೇಲೆ ಹೇಳಿದ 46 ಡಾಲರಿನ ಶುಲ್ಕ ಅನ್ವಯಿಸುವುದಿಲ್ಲ. ಹೊರಗಿನವರ ಶುಲ್ಕ ಅದರ ಹಲವು ಪಟ್ಟು ಇರುತ್ತದೆ. ಹಾಸ್ಟೆಲು ಇರುವ ಕಮ್ಯುನಿಟಿ ಕಾಲೇಜುಗಳು ವಿರಳವಾದ್ದರಿಂದ ಬಾಡಿಗೆ ಕೋಣೆ ಹುಡುಕಬೇಕು. ಹಾಗಿದ್ದರೂ ಮೊದಲೆರಡು ವರ್ಷ ವಿಶ್ವವಿದ್ಯಾಲಯಕ್ಕಿಂತ ಅಗ್ಗವೇ. ಏಜೆಂಟರು ಹೇಳದೆ ಬಿಟ್ಟಿರಬಹುದಾದ ಮಾತು ಮೂರನೇ ವರ್ಷದ್ದು: ಎಫ್-1ನಲ್ಲಿ ಎಷ್ಟು ವರ್ಷ ಇದ್ದರೂ ವಿದ್ಯಾರ್ಥಿ ರಾಜ್ಯದ ನಿವಾಸಿಯೆನಿಸಿಕೊಳ್ಳುವುದಿಲ್ಲ, ಯುಸಿಗೆ ಟ್ರಾನ್ಸ್‌ಫರ್ ಆದಾಗ ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರ್ ದಾಟುತ್ತದೆ. ಕೆಲಸ ಮಾಡಿ ಓದುತ್ತಾನೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ಅವಕಾಶ, ಮೊದಲ ವರ್ಷ ಹೊರಗೆ ಕೆಲಸ ಮಾಡುವಂತೆಯೇ ಇಲ್ಲ. ನಾಲ್ಕೂ ವರ್ಷದ ಹಣ ಈಗಲೇ ಕಣ್ಣಿಗೆ ಕಾಣುತ್ತಿದ್ದರೆ ಮುಂದುವರಿಯಿರಿ. ತೋಟವನ್ನು ಅಡವಿಟ್ಟು ಮೊದಲೆರಡು ವರ್ಷದ್ದನ್ನು ಮಾತ್ರ ಹೊಂದಿಸಿ, ಉಳಿದದ್ದು ಹೇಗೋ ಆದೀತು ಎಂದು ಕಳಿಸುವುದನ್ನು ನಾನು ಒಪ್ಪಲಾರೆ. ಅವನು ಭಾರತದಲ್ಲೇ ಪದವಿ ಮುಗಿಸಿ ಸ್ನಾತಕೋತ್ತರ ಓದಿಗೆ ಹೋಗಲಿ.

ಪ್ರಶ್ನೆ: ಕರ್ನಾಟಕದಲ್ಲಿ ಇಂಥ ವ್ಯವಸ್ಥೆ ಇಲ್ಲವೇ? ನಾನು ಐಟಿಐ ಮುಗಿಸಿ ಕಾರ್ಖಾನೆಯಲ್ಲಿದ್ದೇನೆ, ಎಂಜಿನಿಯರ್ ಆಗುವ ಆಸೆ ಹೋಗಿಲ್ಲ. (ದಾವಣಗೆರೆ)

ಉತ್ತರ: ಅದೇ ಹೆಸರಿನಲ್ಲಿ ಯುಜಿಸಿ 12ನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಕೌಶಲ ತರಬೇತಿಗೆ ಒಂದು ಯೋಜನೆ ತಂದಿತ್ತು, ಆದರೆ ನಿಮಗೆ ಬೇಕಾದ ದಾರಿ ಅದಲ್ಲ. ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿಯಲ್ಲಿ ಸೇರಬಹುದು. ಡಿಪ್ಲೊಮಾ ಆದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ, ಅಂದರೆ ನೇರವಾಗಿ ಮೂರನೇ ಸೆಮಿಸ್ಟರಿಗೆ ಹೋಗಬಹುದು. ಕ್ಯಾಲಿಫೋರ್ನಿಯಾದ ಹುಡುಗನಿಗೆ ಎರಡು ವರ್ಷದ ನಡುವೆ ಮುಖ್ಯ ವಿಷಯ ಬದಲಿಸುವ ಸ್ವಾತಂತ್ರ್ಯವಿರುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದೊಡನೆ ಆರಿಸಿದ ವಿಭಾಗವೇ ಬಹುಮಟ್ಟಿಗೆ ಕೊನೆತನಕ ಉಳಿಯುತ್ತದೆ ಎಂಬುದು ನಿಜವಾದ ಕೊರತೆ. ಐಟಿಐನಲ್ಲಿ ನೀವು ಕಲಿತ ಟ್ರೇಡಿಗೆ ಹೊಂದುವ ಡಿಪ್ಲೊಮಾ ಯಾವುದೆಂದು ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ವಿಚಾರಿಸಿ. ಡಿಸಿಇಟಿಗೆ ಗಣಿತ ಮುಖ್ಯ. ಡಿಪ್ಲೊಮಾದ ಮೊದಲ ವರ್ಷ ನಿಮಗೆ ತಪ್ಪುವುದರಿಂದ ಆ ವರ್ಷದ ಗಣಿತ ಪುಸ್ತಕವನ್ನು ಈಗಿನಿಂದಲೇ ಸಂಜೆ ಹೊತ್ತು ಓದಲು ತೊಡಗಿ.